ಮೊಳಕೆಯ ಲೆಕ್ಕ

"ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ" ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಅದೇ ಹಿರಿಯರು, ಅಥವಾ ಅವರ ಪಕ್ಕದ ಮನೆಯವರು, "ಆರಂಭಶೂರ" ಎಂಬ ಮಾತನ್ನೂ ಬಳಕೆಗೆ ತಂದರು. ಮೊದಲಿನದು ನಿಜವಾದರೆ ಮೊಳಕೆ ನೋಡಿ ಬೆಳೆಯ ಬೆಲೆ ಕಟ್ಟಬಹುದು. ಎರಡನೆಯದು ನಿಜವಾದರೆ ಸುಗ್ಗಿಯವರೆಗೆ ಬಾಯಿ ಮುಚ್ಚಿಕೊಂಡಿರಬೇಕು. ಈ ಎರಡರ ನಡುವೆ ಸಿಕ್ಕಿ ವರ್ಷವರ್ಷವೂ ಒದ್ದಾಡುವ ಪ್ರಾಣಿ ಯಾವುದೆಂದು ಕೇಳಿದರೆ, ರಣಜಿ ಪಂದ್ಯಗಳ ಅಭಿಮಾನಿ ಎಂದು ಹೇಳುತ್ತೇನೆ. ನಾನು ಆ ಜಾತಿಗೆ ಸೇರಿದವನು.

ನಮ್ಮ ಜಾತಿಯ ಜನ ಈಗ ಹೆಚ್ಚಿಲ್ಲ. ದೀಪದ ಬೆಳಕಿನಲ್ಲಿ ಮೂರು ಗಂಟೆಯಲ್ಲಿ ಮುಗಿಯುವ ಆಟಕ್ಕೆ ಊರೇ ನೆರೆಯುತ್ತದೆ. ನಾಲ್ಕು ದಿನದ ರಣಜಿ ಪಂದ್ಯಕ್ಕೆ ಮೈದಾನದ ಮೆಟ್ಟಿಲ ಮೇಲೆ ಒಂದಷ್ಟು ಶಾಲಾಬಾಲಕರು, ಕೆಲವು ನಿವೃತ್ತರು, ನೆರಳು ಹುಡುಕಿ ಬಂದ ಒಂದು ನಾಯಿ. ಆದರೂ ಪ್ರೀತಿಯೆಂಬುದು ತಲೆ ಎಣಿಸಿ ಹುಟ್ಟುವುದಿಲ್ಲ. ಮೈಸೂರು ಎಂಬ ಹೆಸರು ಹೋಗಿ ಕರ್ನಾಟಕವಾದ 1973–74ರ ಋತುವಿನಲ್ಲಿಯೇ ಪ್ರಸನ್ನ ಅವರ ತಂಡ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಮುಂಬಯಿಯನ್ನು ತಡೆದು, ಸತತ ಹದಿನೈದು ವರ್ಷ ಅವರ ಮನೆಯಲ್ಲಿದ್ದ ರಣಜಿ ಟ್ರೋಫಿಯನ್ನು ಹೊತ್ತು ತಂದಿತು. ಆ ಕಥೆ ಕೇಳಿ ಬೆಳೆದವನಿಗೆ ಅಕ್ಟೋಬರ್ ಬಂತೆಂದರೆ ಕೈ ತುರಿಸುತ್ತದೆ. ನಾನು ಒಂದು ನೋಟುಪುಸ್ತಕ ತೆಗೆದು ಆಟಗಾರರ ಹೆಸರು ಬರೆದು, ಎರಡು ಪಂದ್ಯ ಮುಗಿದ ಕೂಡಲೇ ಒಬ್ಬೊಬ್ಬರ ಮುಂದೂ ಒಂದೊಂದು ಮಾತು ಗೀಚುತ್ತೇನೆ.

ಎರಡೇ ಪಂದ್ಯಕ್ಕೆ ಏನು ಅವಸರ ಎಂದು ನೀವು ಕೇಳಬಹುದು. ಅಮೆರಿಕದವರ ಬೇಸ್‌ಬಾಲ್‌ನಲ್ಲಿ ಒಂದು ತಂಡ ಋತುವಿಗೆ 162 ಪಂದ್ಯ ಆಡುತ್ತದೆ. ಅಲ್ಲಿನ ಅಭಿಮಾನಿ ಏಪ್ರಿಲ್‌ನಲ್ಲಿ ಎಷ್ಟು ಕೂಗಾಡಿದರೂ ಸೆಪ್ಟೆಂಬರ್‌ವರೆಗೆ ಸಮಾಧಾನಪಡಲು ಕಾಲವಿದೆ. ನಮಗೆ ಆ ಭಾಗ್ಯವಿಲ್ಲ. 2017–18ರಲ್ಲಿ ಗುಂಪಿನ ಹಂತದಲ್ಲಿ ಒಂದು ತಂಡಕ್ಕಿದ್ದುದು ಆರೇ ಪಂದ್ಯ. ಎರಡು ಮುಗಿದರೆ ಮೂರನೆಯ ಒಂದು ಪಾಲು ಬದುಕೇ ಮುಗಿದಂತೆ. ಕಾಯುತ್ತ ಕೂತರೆ ತಂಡ ಮುಳುಗೀತು. ದುಡುಕಿದರೆ ಒಬ್ಬ ತರುಣನ ಬಾಳು ಮುಳುಗೀತು. ಬೆಂಚಿನ ಮೇಲೆ ಕೂತು ಹರಟುವವನಿಗೆ ಇದು ವಿನೋದ. ಹೆಸರು ಪಟ್ಟಿಯಲ್ಲಿದೆಯೋ ಇಲ್ಲವೋ ಎಂದು ಕಾಯುವವನಿಗೆ ಅಲ್ಲ.

ಆ ವರ್ಷದ ನನ್ನ ಪುಟವನ್ನೇ ನೋಡೋಣ. ಮೊದಲ ಪಂದ್ಯ ಮೈಸೂರಿನಲ್ಲಿ, ಅಸ್ಸಾಮಿನ ಮೇಲೆ, ಇನ್ನಿಂಗ್ಸ್ ಗೆಲುವು. ಎರಡನೆಯದು ಶಿವಮೊಗ್ಗದಲ್ಲಿ, ಹೈದರಾಬಾದಿನ ಮೇಲೆ. 59 ರನ್ನುಗಳ ಗೆಲುವು. ಮೈಸೂರಿನಲ್ಲಿ ಸಮರ್ಥ್ 123 ಹೊಡೆದರು: "ಗೋಡೆ ಭದ್ರ, ಸುಣ್ಣ ಬಳಿಯಬಹುದು" ಎಂದು ಬರೆದೆ. ಆಫ್ ಸ್ಪಿನ್ ಹಾಕುವ ಗೌತಮ್ ಅಲ್ಲಿಯೇ 149 ರನ್ ಬಾರಿಸಿದರು: "ಕೆಳಗಿನ ಮನೆಗೂ ಬಾಡಿಗೆ ಬರುತ್ತಿದೆ." ಕರುಣ್ ನಾಯರ್ ಶಿವಮೊಗ್ಗದ ಎರಡನೆಯ ಇನ್ನಿಂಗ್ಸ್‌ನಲ್ಲಿ ಶತಕ ಬಾರಿಸಿದರು: "ದೊಡ್ಡ ಕೊಡ, ತುಂಬಲು ಹೊತ್ತು ಹಿಡಿಯುತ್ತದೆ, ತುಂಬಿದರೆ ಊರಿಗೆಲ್ಲ ನೀರು." ಇನ್ನು ಉಳಿದವರು ಆರಂಭ ಆಟಗಾರ ಮಯಾಂಕ್ ಅಗರ್ವಾಲ್. ಅವರ ಲೆಕ್ಕ 31, ಸೊನ್ನೆ, ಸೊನ್ನೆ. ಆ ಸಾಲಿನ ಮುಂದೆ ಏನೂ ಬರೆಯದೆ ಒಂದು ಗೆರೆ ಎಳೆದು ಜಾಗ ಬಿಟ್ಟೆ.

ನನ್ನ ಸ್ನೇಹಿತರೊಬ್ಬರಿದ್ದಾರೆ, ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತರಾದ ರಾಯರು. ಜಾಗ ಬಿಟ್ಟದ್ದು ಅವರಿಗೆ ಸರಿಬೀಳಲಿಲ್ಲ.

"ಏನು ಸ್ವಾಮಿ, ಇದು ಖಾಲಿ?" ಎಂದರು. "ಸೊನ್ನೆಯ ಹಿಂದೆ ಒಂದು ಅಂಕೆ ಇದ್ದರಲ್ಲವೆ ಅದಕ್ಕೆ ಬೆಲೆ? ಬರೀ ಸೊನ್ನೆಗೆ ಸೊನ್ನೆ ಜೋಡಿಸಿದರೆ ಏನು ಬಂತು? ಹುಡುಗನನ್ನು ಬಿಟ್ಟು ಬೇರೊಬ್ಬನನ್ನು ಹಾಕಲಿ."

"ಮೂರು ಚೀಟಿ ನೋಡಿ ಖಾತೆ ಮುಚ್ಚುತ್ತಿದ್ದಿರೇನು ರಾಯರೇ, ನಿಮ್ಮ ಬ್ಯಾಂಕಿನಲ್ಲಿ?" ಎಂದೆ.

ರಾಯರು ನಕ್ಕರು, ಒಪ್ಪಲಿಲ್ಲ. ನನಗೆ ಭವಿಷ್ಯ ಕಂಡಿತ್ತೆಂದು ತಿಳಿಯಬೇಡಿ. ಮೂರು ಇನ್ನಿಂಗ್ಸಿಗೆ 31 ರನ್ನು. ಸರಾಸರಿ ಹತ್ತು ಚಿಲ್ಲರೆ. ಭಾಗಿಸುವ ಅಂಕೆ ಇಷ್ಟು ಚಿಕ್ಕದಾಗಿರುವಾಗ ಭಾಗಲಬ್ಧಕ್ಕೆ ಬೆನ್ನೆಲುಬು ಇರುವುದಿಲ್ಲ ಎಂಬುದಷ್ಟೇ ನನ್ನ ಹಟ.

ನವೆಂಬರ್ 1ರಂದು ಪುಣೆಯಲ್ಲಿ ಮಹಾರಾಷ್ಟ್ರದ ಮೇಲಣ ಪಂದ್ಯ ಆರಂಭವಾಯಿತು. ಅದೇ ಮಯಾಂಕ್ ಔಟಾಗದೆ 304 ಹೊಡೆದರು. ಹತ್ತು ಇದ್ದ ಸರಾಸರಿ ಒಂದೇ ಇನ್ನಿಂಗ್ಸಿನಲ್ಲಿ ನೂರಾಹನ್ನೊಂದಕ್ಕೆ ಜಿಗಿಯಿತು. ದೆಹಲಿಯ ಮೇಲೆ 176 ಮತ್ತು 23, ಉತ್ತರ ಪ್ರದೇಶದ ಮೇಲೆ 90 ಮತ್ತು ಔಟಾಗದೆ 133, ರೈಲ್ವೆ ತಂಡದ ಮೇಲೆ 173 ಮತ್ತು 134. ಆ ಒಂದು ತಿಂಗಳಿನಲ್ಲಿ 1,033 ರನ್ನು. ರಣಜಿ ಋತುವಿಗೆ 1,160. ಮರುವರ್ಷ ಡಿಸೆಂಬರ್ 26ರಂದು ಅವರು ಮೆಲ್ಬರ್ನ್‌ನಲ್ಲಿ ಭಾರತದ ಪರ ಮೊದಲ ಟೆಸ್ಟ್ ಆಡಲಿಳಿದು 76 ರನ್ ಮಾಡಿದರು. ನಾನು ಬಿಟ್ಟ ಜಾಗ ಅಷ್ಟಕ್ಕೆಲ್ಲ ಸಾಲಲಿಲ್ಲ, ಅಂಚಿನಲ್ಲಿ ಬರೆಯಬೇಕಾಯಿತು.

ಹಾಗೆಂದು ಮೊಳಕೆಯಲ್ಲಿ ಏನೂ ಕಾಣುವುದೇ ಇಲ್ಲವೆಂದಲ್ಲ. 2009ರ ನವೆಂಬರಿನಲ್ಲಿ ಅಭಿಮನ್ಯು ಮಿಥುನ್ ಎಂಬ ಹೊಸ ವೇಗದ ಬೌಲರ್ ಮೀರತ್‌ನಲ್ಲಿ ಮೊದಲ ಪಂದ್ಯ ಆಡಿ, ಉತ್ತರ ಪ್ರದೇಶದ ಹನ್ನೊಂದು ವಿಕೆಟ್ ಕಿತ್ತರು. ಅದರಲ್ಲಿ ಒಂದು ಹ್ಯಾಟ್ರಿಕ್ಕೂ ಇತ್ತು. "ಆರಂಭಶೂರ, ನೋಡುತ್ತಿರಿ" ಎಂದು ಅನುಭವಿಗಳು ತಲೆಯಾಡಿಸಿದರು. ಋತು ಮುಗಿದಾಗ ಅವರ ಬುಟ್ಟಿಯಲ್ಲಿ 47 ವಿಕೆಟ್ಟುಗಳಿದ್ದವು. 2010ರ ಜುಲೈನಲ್ಲಿ ಗಾಲ್‌ನಲ್ಲಿ ಭಾರತದ ಪರ ಆಡಿದರು.

ಹಾಗಾದರೆ ಆರಂಭದಲ್ಲಿ ನೋಡಬೇಕಾದ್ದು ಏನು? ಅಂಕೆಯನ್ನು ಮರೆತು ಮನುಷ್ಯನನ್ನು ನೋಡಬೇಕೆನ್ನುತ್ತೇನೆ. ದಾಂಡಿಗ ಎಷ್ಟು ಹೊಡೆದ ಎಂಬುದಕ್ಕಿಂತ, ಯಾವ ಚೆಂಡನ್ನು ಮುಟ್ಟದೆ ಬಿಟ್ಟ? ಒಳ್ಳೆಯ ಚೆಂಡಿಗೆ ಬಲಿಯಾದನೋ, ತನ್ನ ಚಪಲಕ್ಕೆ ಬಲಿಯಾದನೋ? ಬೌಲರಿಗೆ ಎಷ್ಟು ವಿಕೆಟ್ ಬಿತ್ತು ಎಂಬುದಕ್ಕಿಂತ, ಎದುರಾಳಿಯ ಜೋಡಿ ಬೇರೂರಿದಾಗ ನಾಯಕನ ಕಣ್ಣು ಯಾರ ಕಡೆ ಹೊರಳಿತು? ಇನ್ನು ಫೀಲ್ಡಿಂಗ್. ಅದಕ್ಕೆ ಅದೃಷ್ಟದ ನೆಪ ಕಡಿಮೆ. ಸಂಜೆಯ ಕೊನೆಯ ಓವರಿನಲ್ಲಿ ಬೌಂಡರಿಯ ಕಡೆ ಉರುಳುವ ಚೆಂಡಿನ ಹಿಂದೆ, ನೋಡುವವರು ಯಾರೂ ಇಲ್ಲದಿದ್ದರೂ, ಒಬ್ಬ ಹುಡುಗ ಓಡುವ ರೀತಿಯನ್ನು ನೋಡಿದರೆ, ಆತ ಎಂಥವನೆಂಬುದು ಮೊದಲ ದಿನವೇ ತಿಳಿಯುತ್ತದೆ. ಇದೊಂದು ಮಾತನ್ನು ರಾಯರೂ ಒಪ್ಪಿದ್ದಾರೆ.

ಇಷ್ಟು ಜಾಣತನ ಕಲಿತರೂ ಅಭಿಮಾನಿಯ ದುಃಖ ಕಡಿಮೆಯಾಗುವುದಿಲ್ಲ. ಮಿಥುನರ ಆ ಮೊದಲ ಋತು 2010ರ ಜನವರಿಯಲ್ಲಿ ಮೈಸೂರಿನ ಫೈನಲ್‌ನಲ್ಲಿ ಮುಗಿಯಿತು. ಗೆಲ್ಲಲು 338 ಬೇಕಿತ್ತು. ಇಪ್ಪತ್ತು ವರ್ಷದ ಮನೀಶ್ ಪಾಂಡೆ 144 ಹೊಡೆದರು. ನಾವು ಮುಂಬಯಿಗೆ ಆರು ರನ್ನಿನಿಂದ ಸೋತೆವು. ಮಯಾಂಕರ ಆ ಋತು 2017ರ ಡಿಸೆಂಬರಿನಲ್ಲಿ ಕೋಲ್ಕತ್ತದ ಸೆಮಿಫೈನಲ್‌ನಲ್ಲಿ ಮುಗಿಯಿತು. ಬೇಕಿದ್ದುದು 198, ಸಾವಿರದ ಸರದಾರ ಮೂರಕ್ಕೇ ಹೊರನಡೆದರು, ಬಾಲಂಗೋಚಿಗಳು ಹೋರಾಡಿದರು, ವಿದರ್ಭಕ್ಕೆ ಐದು ರನ್ನಿನಿಂದ ಸೋತೆವು. ಒಂದು ವರ್ಷ ಮೊಳಕೆ ನಿಜ ಹೇಳಿತು, ಇನ್ನೊಂದು ವರ್ಷ ಸುಳ್ಳು ಹೇಳಿತು. ಎರಡು ಸಲವೂ ತುತ್ತು ಬಾಯಿಯ ಹತ್ತಿರ ಬಂದು ಬಿತ್ತು.

ಆದರೆ ಒಂದು ಲೆಕ್ಕ ಉಳಿಯುತ್ತದೆ. ಶಿವಮೊಗ್ಗದ ಆ ಜೋಡಿ ಸೊನ್ನೆಯ ಮೇಲೆ ತೀರ್ಪು ಹೇಳುವ ಅಧಿಕಾರ ರಾಯರ ಕೈಯಲ್ಲಿದ್ದಿದ್ದರೆ, ಟ್ರೋಫಿ ಹೇಗೂ ಬರುತ್ತಿರಲಿಲ್ಲ. ಜೊತೆಗೆ ಪುಣೆಯ 304 ಕೂಡ ಇರುತ್ತಿರಲಿಲ್ಲ. ಸದ್ಯ, ತಂಡವನ್ನು ಆರಿಸುವವರು ನಮ್ಮ ಬೆಂಚಿನವರಲ್ಲ. ನಾನಂತೂ ಪ್ರತಿ ಅಕ್ಟೋಬರಿನಲ್ಲಿ ಹೆಸರುಗಳ ಮುಂದೆ ಜಾಗವನ್ನು ಸ್ವಲ್ಪ ಧಾರಾಳವಾಗಿಯೇ ಬಿಡುತ್ತೇನೆ. ಕಾಗದಕ್ಕೆ ಅಂಥ ಬೆಲೆಯೇನೂ ಇಲ್ಲ.