ಅಜ್ಜಿ ನಡೆಯುವಷ್ಟು ಅಂಗಳ

ಹೋದ ಮಳೆಗಾಲದಲ್ಲಿ ಅಜ್ಜಿ ಅಂಗಳದ ಪಾಚಿ ಮೇಲೆ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಿಂದ ಬರುವಾಗ ಆಟೋದಲ್ಲೇ ಅಮ್ಮ ಹೇಳಿಬಿಟ್ಟರು, "ಈ ವರ್ಷ ಏನಾದ್ರೂ ಆಗ್ಲಿ, ಅಂಗಳ ಮಾಡಿಸ್ಲೇಬೇಕು."

ನಮ್ಮದು ತಿಪಟೂರು ಸೀಮೆಯ ಹಳ್ಳಿ. ಮನೆ ಮುಂದೆ 30 ಅಡಿ ಉದ್ದ, 20 ಅಡಿ ಅಗಲದ ಮಣ್ಣಿನ ಅಂಗಳ. ಬಜೆಟ್ ಬರೆಯಲು ಕೂತವರು ನಾವಿಬ್ಬರು ಅಕ್ಕ-ತಮ್ಮ. ಕೊಬ್ಬರಿ ಮಾರಿ ಉಳಿಸಿದ್ದ 8,000 ರೂಪಾಯಿ ಇತ್ತು. ಸಂಘದಿಂದ 40,000 ಸಾಲ ತೆಗೆಯುತ್ತೇನೆ ಎಂದು ಅಮ್ಮ ಒಪ್ಪಿದ್ದರು. ಕರೆಂಟ್ ಬಿಲ್ಲಿನ ಹಿಂದೆ ಬರೆದೆವು: 600 ಚದರ ಅಡಿಗೆ ಇಂಟರ್‌ಲಾಕ್, ಹಾಕುವ ಕೂಲಿ ಸೇರಿ ಅಡಿಗೆ 65ರಂತೆ 39,000. ಹೂವಿನ ಗಿಡಕ್ಕೆ 4,000, ಕುಂಡಕ್ಕೆ 2,000. ಯೂಟ್ಯೂಬಿನಲ್ಲಿ ನೋಡಿದ ಹಸಿರು ಹುಲ್ಲಿನ ಹಾಸಿಗೆ 3,000. ಒಟ್ಟು 48,000. ಕೈಲಿರೋ ದುಡ್ಡಿಗೂ ಪಟ್ಟಿಗೂ ಒಂದು ರೂಪಾಯಿ ಹೆಚ್ಚುಕಮ್ಮಿ ಇಲ್ಲ! ನಮ್ಮ ಜಾಣತನಕ್ಕೆ ನಾವೇ ಬೀಗಿದೆವು.

ಮೇಸ್ತ್ರಿ ಬಂದವರು ಪಟ್ಟಿ ನೋಡಲೇ ಇಲ್ಲ. ತಲೆ ಎತ್ತಿ ಸೂರು ನೋಡಿದರು.

"ಇದೆಲ್ಲ ಇರ್ಲಿ ಅಕ್ಕ, ಈ ಸೂರಿನ ನೀರು ಎಲ್ಲಿಗೆ ಹೋಯ್ತದೆ?"

ಎಲ್ಲಿಗೂ ಹೋಗುತ್ತಿರಲಿಲ್ಲ. ಅಂಗಳದ ಇಳಿಜಾರು ಮನೆ ಕಡೆಗೇ ಇತ್ತು, ಪಾಚಿ ಕಟ್ಟುತ್ತಿದ್ದುದೇ ಅದಕ್ಕೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಸೂರು ಸುಮಾರು 70 ಚದರ ಮೀಟರ್. ಒಂದು ಸಂಜೆ 20 ಮಿ.ಮೀ. ಮಳೆ ಬಂದರೆ 1,400 ಲೀಟರ್ ನೀರು ಅಜ್ಜಿ ಓಡಾಡುವ ಜಾಗಕ್ಕೇ ಸುರಿಯುತ್ತಿತ್ತು. ಓದಿದ ನಮಗೆ ಇದು ಹೊಳೆದಿರಲಿಲ್ಲ.

ಮೇಸ್ತ್ರಿ ಬಾಯಲ್ಲೇ ಲೆಕ್ಕ ಹೇಳುತ್ತಾ ಹೋದರು. ಮಣ್ಣು ಕೆತ್ತಿ ತೆಗೆಯಲು ಜೆಸಿಬಿಗೆ 1,200. ಆರು ಇಂಚು ಡಸ್ಟ್ ತುಂಬಲು ಮೂರು ಟ್ರ್ಯಾಕ್ಟರ್ ಲೋಡ್, 10,500. ಅಂಚುಕಲ್ಲು ಕಟ್ಟದಿದ್ದರೆ ಇಂಟರ್‌ಲಾಕ್ ಎರಡೇ ವರ್ಷಕ್ಕೆ ಬಿಚ್ಚಿಕೊಳ್ಳುತ್ತದೆ, ಅದಕ್ಕೆ 4,200. ಸೂರಿನ ನೀರಿಗೆ ಪೈಪು ಮತ್ತು ಇಂಗುಗುಂಡಿ 4,000. ಒಟ್ಟು 19,900. ಕಣ್ಣಿಗೆ ಕಾಣುವುದನ್ನೆಲ್ಲ ನಾವು ಬರೆದಿದ್ದೆವು, ಮಣ್ಣಿನಡಿ ಹೋಗುವುದು ಒಂದೂ ಪಟ್ಟಿಯಲ್ಲಿ ಇರಲಿಲ್ಲ.

ಆ ರಾತ್ರಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಸಾಲ ಜಾಸ್ತಿ ಮಾಡೋಣ ಎಂದರೆ ವಾರದ ಕಂತು ಕಟ್ಟುವವರು ಅಮ್ಮ, ಅದೂ ಹಾಲಿನ ದುಡ್ಡಿನಲ್ಲಿ. ಒಂದು ಹಸು ಬತ್ತಿದರೆ ಮುಗಿಯಿತು.

ಮಾರನೇ ದಿನ ಬೆಳಿಗ್ಗೆ ಅಮ್ಮ ಟೇಪು ಕೈಗೆ ಕೊಟ್ಟು, "ಅಂಗಳ ಅಳೀಬೇಡಿ, ಅಜ್ಜಿ ಎಲ್ಲೆಲ್ಲಿ ನಡೀತಾರೋ ಅದನ್ನ ಅಳೀರಿ" ಅಂದರು. ಅಜ್ಜಿಯ ಹಿಂದೆ ಹಿಂದೆ ನಾವು. ಬಾಗಿಲಿಂದ ಗೇಟಿಗೆ 20 ಅಡಿ, ಬಚ್ಚಲಿಗೆ 28, ತುಳಸಿಕಟ್ಟೆಗೆ 12. ಒಟ್ಟು 60 ಅಡಿ. ನಾಲ್ಕು ಅಡಿ ಅಗಲ ಬಿಟ್ಟರೆ 240 ಚದರ ಅಡಿ. "ಏನ್ರೋ ಇದು, ನನಗೇನು ಗೋರಿ ಅಳೀತಿದ್ದೀರಾ?" ಎಂದು ಅಜ್ಜಿ ನಕ್ಕರು.

ಹುಲ್ಲು, ಕುಂಡ ಎಲ್ಲ ಪಟ್ಟಿಯಿಂದ ಹೊಡೆದು ಹಾಕಿದೆವು. ಕೆಲಸ ಸಣ್ಣದಾಯಿತು ಎಂದು ಮೇಸ್ತ್ರಿ ಅಡಿಗೆ 70 ಕೇಳಿದರು, ಹಾಗಾಗಿ ಇಂಟರ್‌ಲಾಕ್‌ಗೆ 16,800. ಕಾಲುದಾರಿಗೆ ನಾಲ್ಕು ಇಂಚು ಡಸ್ಟ್ ಸಾಕು ಎಂದಿದ್ದರಿಂದ ಒಂದೇ ಲೋಡು, 3,500. ಎರಡೂ ಬದಿಗೆ ಅಂಚುಕಲ್ಲು ಬೇಕಲ್ಲ, ಅದು ಮಾತ್ರ 7,200ಕ್ಕೆ ಏರಿತು. ಜೆಸಿಬಿ ಬದಲು ಇಬ್ಬರು ಆಳು ಎರಡು ದಿನ, 2,800. ಪೈಪು, ಗುಂಡಿ 4,000. ಅಜ್ಜಿ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ 2,500. ಒಟ್ಟು 36,800. ಅಮ್ಮ ಸಾಲವನ್ನು 32,000ಕ್ಕೆ ಇಳಿಸಿದರು. ಕೊಬ್ಬರಿ ದುಡ್ಡೂ ಸೇರಿ ಕೈಯಲ್ಲಿ 40,000. ಉಳಿಯುವ 3,200 ಯಾರೂ ಮುಟ್ಟಬಾರದು ಎಂದು ರಾಗಿ ಡಬ್ಬಿಗೆ ಹಾಕಿದರು.

ಎರಡನೇ ದಿನವೇ ಡಬ್ಬಿ ಮುಚ್ಚಳ ತೆಗೆಯಬೇಕಾಯಿತು. ಹಾರೆ ತಾಗಿ ನೀರಿನ ಪೈಪು ಒಡೆದು 900 ಹೋಯಿತು. ಆಳುಗಳ ಊಟ, ಕಾಫಿ, ಎಲೆಅಡಿಕೆಗೆ 1,100. ಅದನ್ನು ಯಾರ ಮನೆಯ ಬಜೆಟ್ಟಿನಲ್ಲೂ ನಾವು ಕಂಡಿಲ್ಲ.

ಇಳಿಜಾರಿನ ವಿಷಯದಲ್ಲಿ ಮೇಸ್ತ್ರಿ ರಾಜಿಯಾಗಲಿಲ್ಲ. ಹತ್ತು ಅಡಿಗೆ ಒಂದೂವರೆ ಇಂಚು, ಮನೆಯಿಂದ ಆಚೆಗೆ. ಕಲ್ಲು ಕೂರಿಸಿದ ಮೇಲೆ ಒಂದು ಬಿಂದಿಗೆ ನೀರು ಚೆಲ್ಲಿ, ಅದು ಹರಿಯುವುದನ್ನು ಎಲ್ಲರೂ ನಿಂತು ನೋಡಿದೆವು. ನಿಮ್ಮ ಮನೆಯಲ್ಲಿ ಕೆಲಸ ಮಾಡಿಸಿದರೆ ಪೂರ್ತಿ ದುಡ್ಡು ಕೊಡುವ ಮೊದಲು ಇದೊಂದು ಮಾಡಿ ನೋಡಿ. ನಾವು ನೋಡದೆ ಬಿಟ್ಟಿದ್ದು ಅಂಚುಕಲ್ಲನ್ನು. ಗೇಟಿನ ಹತ್ತಿರ ಅದು ಒಂದು ಇಂಚು ಎದ್ದಿತ್ತು, ಅಜ್ಜಿಯ ಕಾಲು ಎಡವಿತು. ಪುಣ್ಯಕ್ಕೆ ಕಂಬಿ ಹಿಡಿದಿದ್ದರು. ಎಂಟು ಅಡಿ ಕಿತ್ತು ಮತ್ತೆ ಕೂರಿಸಿದ್ದು ನಾವೇ, ಒಂದು ಭಾನುವಾರ.

ಗಿಡಕ್ಕೆ ದುಡ್ಡು ಹೋಗಲಿಲ್ಲ. ದಾಸವಾಳದ ಕಡ್ಡಿ ಪಕ್ಕದ ಮನೆಯದು, ನುಗ್ಗೆ ಕೊಂಬೆ ಮಾವನ ತೋಟದ್ದು, ಕನಕಾಂಬರದ ಬೀಜ ಅಮ್ಮನ ಡಬ್ಬಿಯದು. ಇಂಗುಗುಂಡಿ ಪಕ್ಕ ಎರಡು ಬಾಳೆಕಂದು ನೆಟ್ಟೆವು. ಕೊಂಡದ್ದು ಬರೀ ನೀರು ಹಾಕುವ ಕೆಲಸ, ಅದಕ್ಕೆ ಅಮ್ಮ ಕೂಲಿ ಕೇಳಲಿಲ್ಲ.

ಈ ವರ್ಷ ಮೊದಲ ಮಳೆ ಬಂತು. ದಾರಿ ಮೇಲೆ ಒಂದು ಹನಿ ನಿಲ್ಲಲಿಲ್ಲ. ನಾವು ಖುಷಿಯಲ್ಲಿ ಬಾಗಿಲಲ್ಲಿ ನಿಂತಿದ್ದರೆ ಅಜ್ಜಿ ದಾರಿ ಬಿಟ್ಟು ಕೆಸರಿಗೇ ಇಳಿದರು. ಬೇಲಿ ಸಂದಿಯಲ್ಲಿ ಪಕ್ಕದ ಮನೆಯ ಅಜ್ಜಿ ನಿಂತಿದ್ದರು. ದಿನಾ ಸಂಜೆ ಇಬ್ಬರೂ ಎಲೆಅಡಿಕೆ ಹಾಕಿಕೊಳ್ಳುವ ಜಾಗ ಅದು. ನಾವು ಅಳೆದದ್ದು ಬೆಳಿಗ್ಗೆ ಮಾತ್ರ.

11 ಅಡಿ ದೂರ. ಡಬ್ಬಿಯಲ್ಲಿ ಉಳಿದಿದ್ದ 1,200 ಸಾಲಲಿಲ್ಲ. ಕೊಟ್ಟಿಗೆ ಹಿಂದೆ ಬಿದ್ದಿದ್ದ ಹಳೇ ಚಪ್ಪಡಿಗಳನ್ನು ಎಳೆದು ತಂದು, ಅಡಿಗೆ ಮಿಕ್ಕ ಡಸ್ಟ್ ಹಾಕಿ ಕೂರಿಸಿದೆವು. ಒಂದು ಚಪ್ಪಡಿ ಇನ್ನೂ ಅಲ್ಲಾಡುತ್ತದೆ, ಈ ಭಾನುವಾರ ಸರಿ ಮಾಡಬೇಕು. ಸಂಘದ ಕಂತು ಇನ್ನೂ 14 ವಾರ ಇದೆ.