ಉಪಾಧ್ಯಾಯರ ಮೇಲ್ಮನವಿ

‘ವಜಾ’ ಎಂಬ ಮಾತು ಕಂದಾಯದ ಲೆಕ್ಕಪತ್ರಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅರಬ್ಬೀ ಮೂಲದ ಶಬ್ದ. ಶಾನುಭೋಗರು ಮೊತ್ತದೊಳಗೆ ಇಷ್ಟು ವಜಾ ಎಂದು ಬರೆದರೆ ಅಷ್ಟನ್ನು ಕಳೆದರೆಂದು ಅರ್ಥ. ಸಂಖ್ಯೆಗೆ ಸಲ್ಲುವ ಈ ಶಬ್ದವನ್ನೇ ಮನುಷ್ಯನಿಗೂ ಪ್ರಯೋಗಿಸುತ್ತೇವೆ. ಸಂಸ್ಕೃತ ಕಾವ್ಯಗಳನ್ನು ಓದಿ ತಲೆ ನರೆಯಿಸಿಕೊಂಡ ನಮಗೂ ಇದಕ್ಕಿಂತ ನಿಷ್ಕರುಣವಾದ ರೂಪಕವು ಸುಲಭವಾಗಿ ನೆನಪಿಗೆ ಬಾರದು.

ಕೆಲವು ವರ್ಷಗಳ ಕೆಳಗೆ ನಮ್ಮ ಸಂತೇಬೆನ್ನೂರಿನ ಸ್ನೇಹಿತರೊಬ್ಬರಿಗೆ ಈ ಮಾತು ಅಂಚೆಯ ಮೂಲಕ ಬಂದಿತು. ಖಾಸಗಿ ಪ್ರೌಢಶಾಲೆಯೊಂದರಲ್ಲಿ ಹತ್ತೊಂಬತ್ತು ವರ್ಷ ಕನ್ನಡವನ್ನು ಬೋಧಿಸಿದವರು ಅವರು. ಆಡಳಿತ ಮಂಡಲಿಯವರೊಡನೆ ಯಾವುದೋ ರಸೀತಿಯ ವಿಷಯದಲ್ಲಿ ಮಾತಿಗೆ ಮಾತು ಬೆಳೆದುದೇ ಕಾರಣ. ಆರೋಪಪಟ್ಟಿಯಿಲ್ಲ, ವಿಚಾರಣೆಯಿಲ್ಲ, ನಾಲ್ಕು ಪಂಕ್ತಿಯ ಕಾಗದ, ಕೆಳಗೊಂದು ಮೊಹರು.

ಕಾರ್ಮಿಕ ನ್ಯಾಯಾಲಯಕ್ಕೆ ಹೋಗಿರೆಂದು ಊರಿನವರೆಲ್ಲ ಬುದ್ಧಿ ಹೇಳಿದರು. ದಾವಣಗೆರೆಯ ಹತ್ತಿಗಿರಣಿಗಳ ಕಾಲವನ್ನು ಕಂಡವರಿಗೆ ಇದು ಸಹಜವೇ. ಆದರೆ ಉಪಾಧ್ಯಾಯರಿಗೆ ಆ ಬಾಗಿಲು ಮುಚ್ಚಿದ್ದಿತು. ಮುಚ್ಚಿದ ಬಗೆಯು ಸ್ವಾರಸ್ಯವಾದುದು. 1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಲಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ಮಂದಿ ನ್ಯಾಯಮೂರ್ತಿಗಳ ಪೀಠವು ‘ಉದ್ಯಮ’ವೆಂಬ ಪದಕ್ಕೆ ಬಹು ವಿಶಾಲವಾದ ಅರ್ಥವನ್ನು ಕೊಟ್ಟಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಆ ತೀರ್ಪಿನಿಂದ ವಿದ್ಯಾಸಂಸ್ಥೆಯೂ ಉದ್ಯಮವೇ ಆಯಿತು. ಹತ್ತು ವರ್ಷಗಳ ತರುವಾಯ, 1988ರಲ್ಲಿ, ಗೋವೆಯ ಶಿಕ್ಷಕಿಯೊಬ್ಬರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, ಶಾಲೆಯು ಉದ್ಯಮವಾದರೂ ಪಾಠ ಹೇಳುವವರು ಕೈಗಾರಿಕಾ ವಿವಾದಗಳ ಅಧಿನಿಯಮದ ಅರ್ಥದಲ್ಲಿ ‘ಕೆಲಸಗಾರ’ರಲ್ಲವೆಂದು ನಿರ್ಣಯಿಸಿತು. ಇದನ್ನು ಬರೆದವರು ನಮ್ಮ ಕನ್ನಡನಾಡಿನವರೇ ಆದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು. ಅಧ್ಯಾಪನವು ಉದಾತ್ತವಾದ ವೃತ್ತಿ, ಅದನ್ನು ಕೈಗೆಲಸವೆಂದಾಗಲಿ ಗುಮಾಸ್ತಿಕೆಯೆಂದಾಗಲಿ ಎಣಿಸಲಾಗದೆಂಬುದು ಅದರ ತಾತ್ಪರ್ಯ. ಗೌರವವೇನೋ ದೊಡ್ಡದು. ಆದರೆ ಶಾಲೆಯ ಗಂಟೆಯನ್ನು ಬಾರಿಸುವ ಜವಾನನಿಗೆ ತೆರೆದಿದ್ದ ದಾರಿಯು ಆ ಗಂಟೆಗೆ ಪಾಠವನ್ನಾರಂಭಿಸುವ ಪಂಡಿತನಿಗೆ ಇಲ್ಲವಾಯಿತು. (ಆ ಅಧಿನಿಯಮದ ಸ್ಥಾನಕ್ಕೆ 2025ರ ನವೆಂಬರಿನಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆಯು ಬಂದಿತು, ನಮ್ಮ ಸ್ನೇಹಿತರ ಕಥೆಯು ಅದಕ್ಕೆ ಮುಂಚಿನದು.)

ಹಾಗೆಂದು ಉಪಾಧ್ಯಾಯನು ಅನಾಥನಲ್ಲ. ನಮ್ಮ ರಾಜ್ಯದಲ್ಲಿ 1975ರಲ್ಲಿಯೇ ಖಾಸಗಿ ವಿದ್ಯಾಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣದ ಅಧಿನಿಯಮವಾಯಿತು. ಅನಂತರ 1983ರ ಕರ್ನಾಟಕ ಶಿಕ್ಷಣ ಅಧಿನಿಯಮವು 1995ರಲ್ಲಿ ಜಾರಿಗೆ ಬಂದಿತು. ಆರೋಪವನ್ನು ತಿಳಿಸಿ, ಸಮಾಧಾನ ಹೇಳಿಕೊಳ್ಳುವುದಕ್ಕೆ ಅವಕಾಶವಿತ್ತು, ವಿಚಾರಣೆ ನಡೆಸಿದ ಹೊರತು ಯಾರನ್ನೂ ವಜಾ ಮಾಡಕೂಡದೆಂದು ಅದರ 92ನೆಯ ಪ್ರಕರಣವು ಹೇಳುತ್ತದೆ. 94ನೆಯ ಪ್ರಕರಣದಂತೆ, ಆದೇಶವು ಕೈಸೇರಿದ ದಿನದಿಂದ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಮನವಿ ಸಲ್ಲಿಸಬಹುದು. ಜಿಲ್ಲಾ ನ್ಯಾಯಾಧೀಶರೇ ಆ ನ್ಯಾಯಾಧಿಕರಣ. 1997ಕ್ಕೆ ಮುಂಚೆ ಚನ್ನಗಿರಿ ತಾಲ್ಲೂಕಿನವರು ಶಿವಮೊಗ್ಗೆಗೆ ಹೋಗಬೇಕಾಗಿದ್ದಿತು. ದಾವಣಗೆರೆಯೇ ಜಿಲ್ಲೆಯಾದ ಮೇಲೆ ದಾರಿಯೂ ಬಸ್ಸೂ ಬದಲಾದುವು.

ನಮ್ಮ ಸ್ನೇಹಿತರು ಈ ಮೂರು ತಿಂಗಳಲ್ಲಿ ಎರಡನ್ನು ಮಂಡಲಿಯ ಸದಸ್ಯರ ಜಗಲಿಗಳಲ್ಲಿ ಕಳೆದರು. ‘ನೋಡೋಣ ಮೇಷ್ಟ್ರೇ’ ಎಂಬುದಕ್ಕಿಂತ ಹೆಚ್ಚಿನ ಮಾತು ಎಲ್ಲಿಯೂ ದೊರೆಯಲಿಲ್ಲ. ಜಗಲಿಯಲ್ಲಿ ಕಾದು ಕುಳಿತ ದಿನಗಳನ್ನು ಕಾಯಿದೆಯು ಲೆಕ್ಕದಿಂದ ಬಿಡುವುದಿಲ್ಲವೆಂದು ನಾವು ಒತ್ತಿ ಹೇಳಿ ವಕೀಲರಲ್ಲಿಗೆ ಕರೆದುಕೊಂಡು ಹೋದೆವು. ಅವರು ಮೊದಲು ಕೇಳಿದುದು ಆದೇಶವನ್ನಲ್ಲ, ಅದು ಬಂದ ಲಕೋಟೆಯನ್ನು! ಕಾಗದದಲ್ಲಿ ಬರೆದ ತಾರೀಖೇ ಬೇರೆ, ಅಂಚೆಯ ಮುದ್ರೆಯೇ ಬೇರೆ. ನಡುವೆ ಹದಿನೇಳು ದಿನಗಳ ಅಂತರ. ಸ್ನೇಹಿತರು ಅದನ್ನು ಹರಿದು ಎಸೆದೆನೆಂದೇ ಭಾವಿಸಿದ್ದರು. ಅವರ ಮನೆಯಾಕೆ ಮಾತ್ರ ಅದನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಿ ಮಡಿಸಿ ಇಟ್ಟಿದ್ದರು. ನೇಮಕದ ಆದೇಶ, ಇಲಾಖೆಯ ಅನುಮೋದನೆ, ಸಂಬಳದ ಚೀಟಿಗಳು, ಇವೆಲ್ಲವೂ ಆಕೆಯ ಪೆಟ್ಟಿಗೆಯಿಂದಲೇ ಹೊರಟುವು. ಈ ಪತ್ರಿಕೆಯನ್ನೋದುವ ಗೃಹಿಣಿಯರು ಇದನ್ನು ಮನಸ್ಸಿನಲ್ಲಿಡಬೇಕೆಂದೇ ಇಷ್ಟು ವಿಸ್ತರಿಸಿದೆವು.

ಕಠಿನವಾದ ಪ್ರಶ್ನೆಯು ಹಿಂಬಾಕಿ ಸಂಬಳದ್ದಾಗಿತ್ತು. ಅನ್ಯಾಯವಾಗಿ ತೆಗೆಯಲ್ಪಟ್ಟವರಿಗೆ ಕೆಲಸದೊಡನೆ ಪೂರ್ಣ ಹಿಂಬಾಕಿಯೂ ದೊರೆಯುವುದೇ ಸಾಮಾನ್ಯ ನಿಯಮವೆಂದು ಮಹಾರಾಷ್ಟ್ರದ ಶಿಕ್ಷಕಿಯೊಬ್ಬರ ಮೊಕದ್ದಮೆಯಲ್ಲಿ 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ಆದರೆ ನಡುವಿನ ಕಾಲದಲ್ಲಿ ತಾನು ಬೇರೆಡೆ ಸಂಪಾದಿಸಲಿಲ್ಲವೆಂದು ನೌಕರನು ಮೊದಲು ಹೇಳಬೇಕು. ಅದು ಸುಳ್ಳೆಂದು ತೋರಿಸುವ ಹೊಣೆ ಅನಂತರ ಮಂಡಲಿಯದು. ನಮ್ಮ ಸ್ನೇಹಿತರು ಜೀವನಕ್ಕಾಗಿ ಮನೆಯಲ್ಲಿ ಹುಡುಗರಿಗೆ ಪಾಠ ಹೇಳುತ್ತಿದ್ದರು. ಕೈಯಿಂದ ಕೈಗೆ ಬಂದ ಹಣ, ರಸೀತಿಯಿಲ್ಲ. ಅದನ್ನು ಪ್ರಮಾಣಪತ್ರದಲ್ಲಿ ಬರೆಯದಿದ್ದರೂ ನಡೆಯುವುದೆಂದು ಹಿತೈಷಿಗಳು ಸೂಚಿಸಿದರು. ‘ರಸೀತಿಯ ಮಾತಿಗೇ ಕೆಲಸ ಹೋಗಿರುವಾಗ ಇದನ್ನು ಹೇಗೆ ಮುಚ್ಚಲಿ?’ ಎಂದು ಅವರು ಪ್ರತಿ ತಿಂಗಳ ಮೊತ್ತವನ್ನೂ ಬರೆಸಿದರು. ಆಕೆ ಆ ದಿನ ನಮ್ಮೊಡನೆ ಮಾತನಾಡಲಿಲ್ಲ. ಆಕೆಯದು ತಪ್ಪೆಂದು ನಾವು ಹೇಳಲಾರೆವು. ಇಬ್ಬರು ಹೆಣ್ಣುಮಕ್ಕಳ ಕಾಲೇಜಿನ ಶುಲ್ಕವನ್ನು ಹೊಂದಿಸುತ್ತಿದ್ದವರು ಆಕೆಯೇ.

ವಿಚಾರಣೆಯಿಲ್ಲದ ಆದೇಶವು ನಿಲ್ಲದೆಂದು ನ್ಯಾಯಾಧಿಕರಣವು ಅದನ್ನು ರದ್ದುಗೊಳಿಸಿ, ಕೆಲಸವನ್ನೂ ಅರ್ಧ ಹಿಂಬಾಕಿಯನ್ನೂ ಕೊಡಬೇಕೆಂದಿತು. ಮಂಡಲಿಯವರು ಬೆಂಗಳೂರಿನ ಉಚ್ಚ ನ್ಯಾಯಾಲಯಕ್ಕೆ ಹೋದರು. ಅಲ್ಲಿಯೂ ಆದೇಶವು ಉಳಿಯಿತು, ಕಾಲವು ಮಾತ್ರ ಉಳಿಯಲಿಲ್ಲ. ಸ್ನೇಹಿತರು ಶಾಲೆಗೆ ಮರಳಿದಾಗ ನಿವೃತ್ತಿಗೆ ಹದಿನಾಲ್ಕು ತಿಂಗಳಿದ್ದುವು. ಒಂಬತ್ತನೆಯ ತರಗತಿಯನ್ನು ಅವರಿಗೆ ಕೊಟ್ಟರು. ಅಲ್ಲಿದ್ದವರಲ್ಲಿ ಒಬ್ಬ ಹುಡುಗನೂ ಅವರನ್ನು ಕಂಡಿರಲಿಲ್ಲ. ಹಿಂಬಾಕಿಯ ಮೊದಲ ಕಂತಿನಲ್ಲಿ ಹಿರಿಯ ಮಗಳ ಶುಲ್ಕದ ಸಾಲವು ತೀರಿತು. ಎರಡನೆಯ ಕಂತಿಗಾಗಿ ಹೊಸದೊಂದು ಅರ್ಜಿಯನ್ನು ಹಾಕಬೇಕಾಯಿತು. ಅದರ ಲಕೋಟೆಯೂ ಹಾಲಿನ ಲೆಕ್ಕದ ಪುಸ್ತಕಕ್ಕೇ ಸೇರಿತು.