ಯೆಮನ್ ಗೋಸುಂಬೆಯ ಗೃಹಪ್ರವೇಶ

ಸರೀಸೃಪಗಳನ್ನು ಸಾಕುವ ಹವ್ಯಾಸ ಬೇರೂರಿರುವ ಅಮೆರಿಕ ಮತ್ತು ಯುರೋಪಿನ ಮನೆಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವ ಯೆಮನ್ ಗೋಸುಂಬೆಯ ಮೂಲನೆಲೆ ಯೆಮನ್ ಹಾಗೂ ಸೌದಿ ಅರೇಬಿಯದ ನೈಋತ್ಯ ಭಾಗದ ಬೆಟ್ಟ-ಕಣಿವೆಗಳು. ತಲೆಯ ಮೇಲೆ ಎತ್ತರಕ್ಕೆ ಎದ್ದಿರುವ ಎಲುಬಿನ ಕಿರೀಟ ಅದರ ಗುರುತು, ಆಗತಾನೇ ಮೊಟ್ಟೆಯೊಡೆದು ಬಂದ ಮರಿಯ ಹಿಂಗಾಲಿನ ಹಿಂಬದಿಯಲ್ಲಿ ಮುಳ್ಳಿನಂಥ ಸಣ್ಣ ಗಂಟಿದ್ದರೆ ಅದು ಗಂಡು. ಮಾರಾಟಕ್ಕೆ ಬರುವ ಈ ಜಾತಿಯ ಪ್ರಾಣಿಗಳು ಬಹುಪಾಲು ಸಾಕಣೆಯಲ್ಲೇ ಹುಟ್ಟಿದವಾದರೂ ನಾಯಿ-ಬೆಕ್ಕುಗಳಂತೆ ಮನುಷ್ಯರ ಒಡನಾಟಕ್ಕೆ ಪಳಗಿದವಲ್ಲ. ಮೈದಡವಿಸಿಕೊಳ್ಳುವ ಆಸೆಯೇ ಇಲ್ಲದ ಈ ಒಂಟಿ ಜೀವಿಯನ್ನು ಸಾಕುವವರ ಸುಖವೆಲ್ಲ ನೋಡುವುದರಲ್ಲಿದೆ, ಮತ್ತು ಹಾಗೆ ನೋಡುವ ತಾಳ್ಮೆ ಒಲಿದವರಿಗೆ ಇದಕ್ಕಿಂತ ಮಿಗಿಲಾದ ಹವ್ಯಾಸ ಸಿಗುವುದು ಕಷ್ಟ.

ಹೊಸದಾಗಿ ಮನೆಗೆ ಬಂದ ಗೋಸುಂಬೆಗೆ ಮೊದಲ ಒಂದೆರಡು ವಾರ ಸಲ್ಲಿಸಬಹುದಾದ ದೊಡ್ಡ ಉಪಚಾರವೆಂದರೆ ಅದನ್ನು ಅದರ ಪಾಡಿಗೆ ಬಿಡುವುದು. ಪಂಜರ ಗಾಜಿನದಾಗಿರುವುದಕ್ಕಿಂತ ಗಾಳಿಯಾಡುವ ಜಾಲರಿಯದಾದರೆ ಒಳ್ಳೆಯದು, ಅಗಲಕ್ಕಿಂತ ಎತ್ತರ ಮುಖ್ಯ. ಬೆಳೆದ ಪ್ರಾಣಿಗೆ 60 ಸೆಂಟಿಮೀಟರ್ ಉದ್ದ-ಅಗಲ, 120 ಸೆಂಟಿಮೀಟರ್ ಎತ್ತರದ ಗೂಡು ರೂಢಿಯಲ್ಲಿದೆ. ಗೋಸುಂಬೆ ಕೂರುವ ಕೊಂಬೆ ಮನುಷ್ಯರ ಕಣ್ಣಿನ ಮಟ್ಟಕ್ಕಿಂತ ಮೇಲಿರಬೇಕು, ಏಕೆಂದರೆ ಮೇಲಿನಿಂದ ಎರಗುವುದೆಲ್ಲ ಅದರ ಪಾಲಿಗೆ ಬೇಟೆಯ ಹಕ್ಕಿಯೇ. ಒಳಗೆ ಮನಿಪ್ಲಾಂಟ್, ದಾಸವಾಳದಂಥ ಜೀವಂತ ಗಿಡಗಳಿದ್ದರೆ ಅಡಗಲು ಮರೆಯಾಗುತ್ತದೆ, ತೇವ ಉಳಿಯುತ್ತದೆ, ಎಲೆಗಳನ್ನೂ ಕಡಿಯುವ ಅಭ್ಯಾಸವುಳ್ಳ ಈ ಜಾತಿಗೆ ಆಗೀಗ ಮೆಲ್ಲಲೂ ಆಗುತ್ತದೆ. ಹಿಕ್ಕೆಯನ್ನು ಪಶುವೈದ್ಯರಿಂದ ಪರೀಕ್ಷಿಸಿ ಪರೋಪಜೀವಿಗಳಿಲ್ಲವೆಂದು ಖಚಿತಪಡಿಸಿಕೊಳ್ಳುವುದೂ ಈ ಅವಧಿಯ ಕೆಲಸವೇ.

ಈ ಸಾಕಣೆಯ ಜೀವಾಳವೆಂದರೆ ಬೆಳಕು. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿದ್ದು, ಅವುಗಳಲ್ಲಿ 'ಬಿ' ಎಂದು ಗುರುತಿಸಲಾಗುವ ಪಟ್ಟಿ ಚರ್ಮದಲ್ಲಿ ಡಿ3 ಜೀವಸತ್ವವನ್ನು ಹುಟ್ಟಿಸುತ್ತದೆ. ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತದೆ, ಎಲುಬುಗಳು ಮೆತ್ತಗಾಗಿ ಕಾಲುಗಳು ಬಾಗುತ್ತವೆ. ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುವುದರಿಂದ ಕಿಟಕಿಯ ಪಕ್ಕದ ಬಿಸಿಲು ಸಾಲದು, ವಿಶೇಷ ಕೊಳವೆದೀಪವೇ ಬೇಕು, ಮತ್ತು ಕಣ್ಣಿಗೆ ಬೆಳಗುತ್ತಲೇ ಇದ್ದರೂ ಆ ದೀಪದ ನೇರಳಾತೀತ ಶಕ್ತಿ ಕಾಲಕ್ರಮೇಣ ಕುಂದುವುದರಿಂದ ಅದನ್ನು ಬದಲಿಸುತ್ತಿರಬೇಕು. ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆಹಾರದಲ್ಲಿ ಡಿ3 ಕಡಿಮೆ ದೊರೆತ ಪ್ರಾಣಿಗಳು ನೇರಳಾತೀತ ಬೆಳಕಿನಲ್ಲಿ ಹೆಚ್ಚು ಹೊತ್ತು ಮೈಯೊಡ್ಡುತ್ತವೆ, ಸಾಕಷ್ಟು ದೊರೆತವು ಕಡಿಮೆ ಮಾಡುತ್ತವೆ ಎಂದು ತೋರಿಸಿಕೊಟ್ಟಿತು. ತನಗೆಷ್ಟು ಬಿಸಿಲು ಬೇಕೆಂಬ ಈ ಅರಿವು ಅಚ್ಚರಿ ಹುಟ್ಟಿಸುವಂಥದ್ದು. ಆದ್ದರಿಂದ ಗೂಡಿನಲ್ಲಿ ದೀಪದಡಿಯ ಕೊಂಬೆಯೂ ಇರಬೇಕು, ನೆರಳೂ ಇರಬೇಕು. ಆಯ್ಕೆಯನ್ನು ಪ್ರಾಣಿಗೇ ಬಿಡಬೇಕು. ಬಿಸಿಲುಕಾಯುವ ಕೊಂಬೆಯ ಬಳಿ ಸುಮಾರು 30 ಡಿಗ್ರಿ ಸೆಲ್ಸಿಯಸ್ ಶಾಖವಿದ್ದು, ರಾತ್ರಿ ದೀಪಗಳೆಲ್ಲ ಆರಿ ಗೂಡು ತಣ್ಣಗಾದರೆ ಅದು ಸುಖವಾಗಿ ನಿದ್ರಿಸುತ್ತದೆ.

ಬಟ್ಟಲಿನಲ್ಲಿ ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಎಲೆಯ ಮೇಲೆ ಹೊಳೆಯುವ ಹನಿಯೇ ಅದಕ್ಕೆ ನೀರು. ತುಂತುರು ಸಿಂಪಡಿಸುವುದೋ, ಮೇಲಿಟ್ಟ ಡಬ್ಬಿಯ ರಂಧ್ರದಿಂದ ಹನಿಗಳು ಎಲೆಯಿಂದೆಲೆಗೆ ಇಳಿಯುವಂತೆ ಮಾಡುವುದೋ ಸಾಕಣೆಗಾರರ ನಿತ್ಯವಿಧಿ. ಹಿಕ್ಕೆಯ ಜೊತೆ ಬೀಳುವ ಗಟ್ಟಿಮೂತ್ರ ಬಿಳಿಯಾಗಿದ್ದರೆ ನೀರು ಸಾಲುತ್ತಿದೆ, ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಸಾಲುತ್ತಿಲ್ಲ ಎಂದು ತಿಳಿಯುತ್ತಾರೆ.

ಆಹಾರವೆಂದರೆ ರಾತ್ರಿಯೆಲ್ಲ ಚಿರಗುಟ್ಟುವ ಚಿಮ್ಮಂಡೆ, ಸಾಕಿದ ಜಿರಳೆ, ರೇಷ್ಮೆಹುಳು. ಚಿಮ್ಮಂಡೆಯ ಮೈಯಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಎಷ್ಟೋ ಪಾಲು ಹೆಚ್ಚಿರುವುದರಿಂದ ಹುಳುಗಳಿಗೆ ಮೊದಲು ಹಸಿರು ಸೊಪ್ಪನ್ನು ತಿನ್ನಿಸಿ, ಬಳಿಕ ಕ್ಯಾಲ್ಸಿಯಂ ಪುಡಿ ಉದುರಿಸಿ ಬಿಡಬೇಕು. ಗೋಸುಂಬೆಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಹುಳು ಬೇಡ. ಆಮೇಲಿನದು ಕಣ್ಣಿಗೆ ಹಬ್ಬ. ಒಂದೊಂದು ದಿಕ್ಕಿಗೆ ಸ್ವತಂತ್ರವಾಗಿ ತಿರುಗುತ್ತಿದ್ದ ಗೋಪುರದಂಥ ಕಣ್ಣುಗಳೆರಡೂ ಹುಳುವಿನ ಮೇಲೆ ಒಟ್ಟಿಗೆ ನೆಡುತ್ತವೆ, ಬಾಯಿ ತುಸುವೇ ತೆರೆದು ನಾಲಗೆಯ ತುದಿ ಇಣುಕುತ್ತದೆ, ಮರುಕ್ಷಣ ದೇಹದ ಉದ್ದವನ್ನೂ ಮೀರಿ ಚಿಮ್ಮಿದ ನಾಲಗೆ ಹುಳುವಿನೊಂದಿಗೆ ಹಿಂದಿರುಗಿರುತ್ತದೆ. ಸ್ನಾಯುಗಳು ಮೊದಲು ನಾಲಗೆಯೊಳಗಿನ ನಾರುಪದರಗಳನ್ನು ಎಳೆದು ಬಿಗಿಗೊಳಿಸಿ, ಬಿಲ್ಲಿನ ಹೆದೆಯಲ್ಲಿ ಕೂಡಿಸಿಟ್ಟಂತೆ ಶಕ್ತಿಯನ್ನು ಅಲ್ಲಿ ಕೂಡಿಸಿಟ್ಟು, ಒಮ್ಮೆಲೇ ಬಿಡುಗಡೆ ಮಾಡುವುದು ಇದರ ಗುಟ್ಟು. ಇದೇ ಯೆಮನ್ ಗೋಸುಂಬೆಯ ಮೇಲೆ ಕ್ರಿಸ್ಟೋಫರ್ ಆಂಡರ್ಸನ್ ಮತ್ತು ಸ್ಟೀಫನ್ ಡೆಬಾನ್ ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಶಾಖ 10 ಡಿಗ್ರಿ ಇಳಿದಾಗ ನಾಲಗೆ ಚಿಮ್ಮುವ ವೇಗ ಮತ್ತು ಬಲ ಶೇಕಡ 10ರಿಂದ 19ರಷ್ಟು ಮಾತ್ರ ತಗ್ಗಿದರೆ, ಕೇವಲ ಸ್ನಾಯುಗಳಿಂದ ನಡೆಯುವ ಹಿಂದೆಳೆತ ಶೇಕಡ 42ಕ್ಕೂ ಹೆಚ್ಚು ಕುಗ್ಗಿತು. ಬೆಟ್ಟದ ಚಳಿಯ ಬೆಳಗಿನಲ್ಲಿ ಇತರ ಹಲ್ಲಿಗಳು ಮೈಕಾಯಿಸಿಕೊಳ್ಳುವ ಮೊದಲೇ ಈ ಪ್ರಾಣಿ ಬೇಟೆಯಾಡಬಲ್ಲದೆಂಬುದು ಇದರಿಂದ ಅರ್ಥವಾಗುತ್ತದೆ. ತಿನ್ನದೆ ಉಳಿದ ಚಿಮ್ಮಂಡೆಗಳನ್ನು ಸಂಜೆಯೊಳಗೆ ಹೆಕ್ಕಿ ತೆಗೆಯಬೇಕು. ಮಲಗಿದ ಗೋಸುಂಬೆಯನ್ನು ಅವು ಕಚ್ಚುವುದುಂಟು.

ಬಣ್ಣ ಬದಲಿಸುವುದೆಲ್ಲ ಸುತ್ತಲಿನ ಹಸಿರಿನಲ್ಲಿ ಬೆರೆಯುವ ಉಪಾಯವೆಂಬ ನಂಬಿಕೆ ಬಹಳ ಹಳೆಯದು, ಆದರೆ ಬಣ್ಣ ಹೆಚ್ಚಾಗಿ ಹೇಳುವುದು ಪ್ರಾಣಿಯ ಮನಸ್ಥಿತಿಯನ್ನು. ಜಿನೀವಾ ವಿಶ್ವವಿದ್ಯಾಲಯದ ಮಿಶೆಲ್ ಮಿಲಿಂಕೋವಿಚ್ ಮತ್ತು ಸಂಗಡಿಗರು 2015ರಲ್ಲಿ, ಪ್ಯಾಂಥರ್ ಗೋಸುಂಬೆಯ ಚರ್ಮಕೋಶಗಳಲ್ಲಿರುವ ಗ್ವಾನೈನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳ ನಡುವಿನ ಅಂತರ ಹೆಚ್ಚಿದಂತೆ ಮೈ ಹಸಿರಿನಿಂದ ಹಳದಿಯತ್ತ ಸರಿಯುವುದನ್ನು ವಿವರಿಸಿದರು. ಪ್ರಾಣಿ ನಿರಾಳವಾಗಿದ್ದಾಗ ಹರಳುಗಳು ಒತ್ತಾಗಿರುತ್ತವೆ, ಕೆರಳಿದಾಗ ದೂರ ಸರಿಯುತ್ತವೆ. ಯೆಮನ್ ಗೋಸುಂಬೆಯ ಗಂಡುಗಳ ಕಾದಾಟವನ್ನು ಅಮೆರಿಕದ ಅರಿಝೋನಾದಲ್ಲಿ ಅಭ್ಯಸಿಸಿದ ಸಂಶೋಧಕರು 2013ರಲ್ಲಿ, ತಲೆಯ ಬಣ್ಣ ಬೇಗ ಬೇಗ ಬದಲಾಗಿ ಹೆಚ್ಚು ಬೆಳಗುವ ಗಂಡೇ ಗೆಲ್ಲುವ ಸಂಭವ ಹೆಚ್ಚೆಂದು ಕಂಡುಕೊಂಡರು. ಹಾಗಾಗಿ ಮೈಬಣ್ಣವನ್ನು ಓದಲು ಕಲಿಯುವುದೇ ಈ ಹವ್ಯಾಸದ ವಿದ್ಯೆ: ಬೆಳಿಗ್ಗೆ ದೀಪದಡಿ ಕಪ್ಪಾಗುವುದು ಶಾಖ ಹೀರಲು, ರಾತ್ರಿ ಬಿಳಿಚಿಕೊಳ್ಳುವುದು ನಿದ್ರೆಯಲ್ಲಿ, ಇಡೀ ದಿನ ಕಪ್ಪಾಗಿದ್ದು ಹಗಲಲ್ಲೇ ಕಣ್ಣುಮುಚ್ಚಿ ಕೆಳಗಿನ ಕೊಂಬೆಯಲ್ಲಿ ಕುಳಿತರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕಾದ ಸ್ಥಿತಿ.

ಹೆಣ್ಣಾದರೆ ಇನ್ನೊಂದು ಎಚ್ಚರ ಅಗತ್ಯ. ಗಂಡಿನ ಸಂಗವಿಲ್ಲದೆಯೂ ಅದು ಹತ್ತಾರು ಮೊಟ್ಟೆಗಳನ್ನು ಇಡಬಲ್ಲದು. ಅಗೆಯಲು ಆಳವಾದ ಒದ್ದೆ ಮರಳಿನ ತೊಟ್ಟಿ ಸಿಗದಿದ್ದರೆ ಮೊಟ್ಟೆಗಳು ಒಡಲಲ್ಲೇ ಉಳಿದು ಪ್ರಾಣಕ್ಕೆ ಎರವಾಗುತ್ತವೆ.

ಸಾಕಲಾರದೆ ಬಿಟ್ಟ, ಇಲ್ಲವೇ ತಪ್ಪಿಸಿಕೊಂಡ ಈ ಗೋಸುಂಬೆಗಳು ಫ್ಲೋರಿಡಾದಲ್ಲಿ ಕಾಡುಪಾಲಾಗಿ ನೆಲೆಯೂರಿವೆ. ಕೈಲಾಗದವರು ಪ್ರಾಣಿಯನ್ನು ಬಲ್ಲವರ ಕೈಗೊಪ್ಪಿಸುವುದೊಂದೇ ಸರಿಯಾದ ದಾರಿ. ಕರ್ನಾಟಕದಲ್ಲಿಯೂ ಕಾಣುವ ಭಾರತೀಯ ಗೋಸುಂಬೆಯಂತೂ ಬೇರೆಯದೇ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿರುವುದರಿಂದ ಅದನ್ನು ಹಿಡಿದು ತಂದು ಸಾಕುವುದು ಶಿಕ್ಷಾರ್ಹ ಅಪರಾಧ, ಬೇಲಿಯ ಮೇಲೆ ಕಂಡಾಗ ನಿಂತು ನೋಡುವುದಕ್ಕೆ ಅಡ್ಡಿಯಿಲ್ಲ.